ಕಡೆಯ ಹಾಳೆ ಮೊದಲು

ಪತ್ರಿಕೆಯನ್ನು ನಾನು ಕಡೆಯ ಪುಟದಿಂದ ಓದುತ್ತೇನೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಹುಚ್ಚು ಇದು. "ಉರ್ದು ಸಾಲಿ ಕಲಿತವ್ರು ನೋಡ್ರಿ, ಹಿಂದಿನಿಂದನ ಓದ್ತಾರ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ವಿವರಣೆ ಕೊಡುತ್ತಾಳೆ. ವಿವರಣೆ ಚೆನ್ನಾಗಿದೆ, ನಿಜವಲ್ಲ ಅಷ್ಟೆ. ನಿಜವಾದ ಕಾರಣ ಇರುವುದು ಕೊಪ್ಪಳದ ಹಳೆಯ ವಾಚನಾಲಯದಲ್ಲಿ.

ಆಗ ನಿಜಾಮರ ಆಳ್ವಿಕೆ, ಹೊರಗೆ ಎಲ್ಲೋ ಮಹಾಯುದ್ಧ. ಕಚೇರಿಯಲ್ಲಿ ಉರ್ದು, ಸಾಲೆಯಲ್ಲಿ ಉರ್ದು. ಕನ್ನಡ ಉಳಿದಿದ್ದದ್ದು ಮನೆಯಲ್ಲಿ, ಸಂತೆಯಲ್ಲಿ, ಮತ್ತೆ ಒಂದು ಕಾಳಿನ ಅಂಗಡಿಯ ಮೇಲಿನ ಕೋಣೆಯಲ್ಲಿ. ಆ ಕೋಣೆಯೇ ವಾಚನಾಲಯ. ಒಂದು ಕಪಾಟು ಪುಸ್ತಕ, ಎರಡು ಬೆಂಚು, ಹುಬ್ಬಳ್ಳಿಯಿಂದ ಮರುದಿನದ ರೈಲಿಗೆ ಬರುವ ಒಂದೇ ಒಂದು ಪತ್ರಿಕೆ. ಓದುವವರು ಮಾತ್ರ ಬೆಂಚು ತುಂಬಿ ಕಿಟಕಿಯ ಕಟ್ಟೆಯ ಮೇಲೂ ಕೂಡುವಷ್ಟು. ಇದಕ್ಕೆ ವಾಚನಾಲಯ ನೋಡಿಕೊಳ್ಳುತ್ತಿದ್ದ ಕಲ್ಲಿನಾಥಪ್ಪ ಮಾಸ್ತರರು ಒಂದು ಉಪಾಯ ಕಂಡುಕೊಂಡಿದ್ದರು. ಪತ್ರಿಕೆ ಬಂದ ಕೂಡಲೇ ಮಡಿಕೆಗುಂಟ ಚಾಕು ಎಳೆದು ಹಾಳೆ ಹಾಳೆ ಬೇರೆ ಮಾಡಿ ಹಂಚುತ್ತಿದ್ದರು. ಮೊದಲ ಹಾಳೆ ಹಿರಿಯರಿಗೆ, ಕಡೆಯದು ನನ್ನಂಥ ಮೀಸೆ ಮೂಡುತ್ತಿರುವವರಿಗೆ. ಓದಿದ ಮೇಲೆ ಬಲಗಡೆಯವರಿಗೆ ದಾಟಿಸಬೇಕೆಂಬುದು ರೂಢಿ. ಆದರೆ ಒಂದು ಹಾಳೆ ಓದಿದರೆ ಲೋಕವೆಲ್ಲ ತಿಳಿಯಿತೆಂದು ಎದ್ದು ಹೋಗುವವರೇ ಹೆಚ್ಚು. ಹೀಗಾಗಿ ಊರಿನಲ್ಲಿ ಕೆಲವರಿಗೆ ಯುದ್ಧ ಮಾತ್ರ ಗೊತ್ತಿತ್ತು, ಕೆಲವರಿಗೆ ಕೂದಲೆಣ್ಣೆಯ ಜಾಹೀರಾತು ಮಾತ್ರ. ನಾನು ಕೂದಲೆಣ್ಣೆಯ ಪಂಗಡ.

ಒಬ್ಬರನ್ನೊಬ್ಬರು ಕೇಳಿಕೊಳ್ಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಗೋಡೆಯ ಮೇಲೆ "ಮಾತನಾಡಕೂಡದು" ಎಂಬ ಹಲಗೆ ಇತ್ತು. ಎಲ್ಲ ವಾಚನಾಲಯಗಳಲ್ಲೂ ಇರುತ್ತದೆ, ನಿಜ. ಆದರೆ ನಮ್ಮ ಹಲಗೆಯ ಹಿಂದೆ ಪೊಲೀಸ್ ಅಮೀನರಿದ್ದರು. "ನಾಕು ಮಂದಿ ಕೂತು ಮಾತಾಡಿದ್ರ ಅದು ಸಭಾ ಆಗ್ತೈತಿ. ಸಭಾಕ್ಕ ಪರವಾನಗಿ ಬೇಕು. ಸುಮ್ಮನ ಕೂತ್ರ ಅದು ಬರೇ ಓದು" ಎಂದು ಮಾಸ್ತರರು ಹೊಸಬರಿಗೆ ಕಿವಿಯಲ್ಲಿ ಹೇಳುತ್ತಿದ್ದರು. ಯಾರಾದರೂ ಎರಡು ಸಲ ಕೆಮ್ಮಿದರೂ ಮಾಸ್ತರರ ಕಣ್ಣು ಮೆಟ್ಟಿಲ ಕಡೆಗೆ ಹೋಗುತ್ತಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಭಾಗ್ಯನಗರದ ವಿರೂಪಣ್ಣ ನನ್ನ ಎದುರಿಗೇ ಕೂತಿದ್ದರು. ಸೀರೆ ನೇಯಿಸುವ ಮನೆತನ, ಸಾವಧಾನದ ಮನುಷ್ಯ. ಎರಡು ದಿನದ ಹಿಂದೆ ಮಗಳು ನೀಲವ್ವನನ್ನು ಬಳ್ಳಾರಿ ಕಡೆಯ ಗಂಡನ ಮನೆಗೆ ರೈಲು ಹತ್ತಿಸಿ ಬಂದಿದ್ದರು. ಅವರ ಕೈಯಲ್ಲಿ ಮೊದಲ ಹಾಳೆ, ನನ್ನ ಕೈಯಲ್ಲಿ ಕಡೆಯದು. ನನ್ನದರ ಮೂಲೆಯಲ್ಲಿ ತಲೆಯಿಲ್ಲದ ಒಂದು ತುಣುಕು: "...ಎಲ್ಲರೂ ಸುರಕ್ಷಿತವಾಗಿದ್ದು, ಮುಂದಿನ ಸ್ಟೇಶನ್ನಿನಲ್ಲಿ ಅವರಿಗೆ ಊಟದ ವ್ಯವಸ್ಥೆ ಮಾಡಲಾಯಿತು." ಯಾವುದೋ ಮದುವೆಯ ದಿಬ್ಬಣ ಇರಬೇಕು ಅಂದುಕೊಂಡೆ. ಮೇಲೆ ನೋಡಿದರೆ ವಿರೂಪಣ್ಣ ಎದ್ದು ನಿಂತಿದ್ದರು. ಬಾಯಿ ತೆರೆದರು, ಹಲಗೆ ನೋಡಿದರು, ಮುಚ್ಚಿದರು. ಚಪ್ಪಲಿ ಅಲ್ಲಿಯೇ ಬಿಟ್ಟು ಇಳಿದು ಹೋದರು. ನಮ್ಮಿಬ್ಬರ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದೆವು.

ನಮ್ಮ ಹಿರಿಯರು ತಾಳೆಗರಿಯ ನಡುವೆ ತೂತು ಕೊರೆದು ದಾರ ಪೋಣಿಸುತ್ತಿದ್ದರು. ಗರಿ ಗಾಳಿಗೆ ಹಾರದಿರಲಿ ಎಂದೇ ಇರಬಹುದು. ನನಗೇನೋ, ಒಂದೇ ಗರಿ ಓದಿ ಎದ್ದು ಹೋಗುವ ಜಾಣರನ್ನು ಕಂಡೇ ಹಾಗೆ ಮಾಡಿದರು ಅನ್ನಿಸುತ್ತದೆ. ಮಾಸ್ತರರೂ ದಾರದ ಕಡೆಯವರೇ. ಸಂಜೆ ಹಾಳೆಗಳನ್ನೆಲ್ಲ ಕೂಡಿಸಿ ಸೂಜಿದಾರದಿಂದ ಹೊಲಿದು ಇಡುತ್ತಿದ್ದರು. ಅವತ್ತು ಹೊಲಿಯುತ್ತ ಮೊದಲ ಹಾಳೆ ನೋಡಿದರು: ಬಳ್ಳಾರಿಯ ಆಚೆ ರೈಲು ಹಳಿ ತಪ್ಪಿ ಎರಡು ಡಬ್ಬಿ ಉರುಳಿವೆ, ಕೆಳಗೆ "ಎಂಟನೆಯ ಪುಟ ನೋಡಿ". ಎಂಟನೆಯ ಪುಟದಲ್ಲಿ ನನ್ನ ದಿಬ್ಬಣ. ಬಾಗಿಲ ಹತ್ತಿರ ವಿರೂಪಣ್ಣನ ಚಪ್ಪಲಿ.

ಮಾಸ್ತರರು ಸೂಜಿ ನೇತಾಡುತ್ತಿದ್ದ ಪತ್ರಿಕೆ ಹಿಡಿದೇ ಓಡಿದರು, ಹಿಂದೆ ನಾನು. ಭಾಗ್ಯನಗರದ ಓಣಿಗೆ ಬರುವಷ್ಟರಲ್ಲಿ ಆ ಮನೆಯ ಅಳು ಕೇಳಿಸಿತು. ಮಗ್ಗ ನಿಂತಿದ್ದವು. ಜೀವನದಲ್ಲಿ ದನಿ ಎತ್ತದ ಮಾಸ್ತರರು ನಡುಬೀದಿಯಲ್ಲಿ ನಿಂತು ಕೂಗಿದರು: "ಅಳಬ್ಯಾಡ್ರಿ! ನೀಲವ್ವ ಛಲೋ ಅದಾಳ್ರಿ! ಹಿಂದಿನ ಹಾಳ್ಯಾಗ ಬರದಾರ್ರೀ!" ಓಣಿಗೆ ಓಣಿಯೇ ಕೂಡಿತು. ಅಮೀನರ ಲೆಕ್ಕದಲ್ಲಿ ಅದು ಖಂಡಿತ ಸಭೆಯೇ. ವಿರೂಪಣ್ಣ ಪತ್ರಿಕೆ ಇಸಿದುಕೊಂಡು ಆ ಒಂದು ಸಾಲಿನ ಮೇಲೆ ಬೆರಳಿಟ್ಟು, ತೆಗೆಯಲೇ ಇಲ್ಲ.

ಅದೇ ವರ್ಷ ಓದಲು ಹೈದರಾಬಾದಿಗೆ ಹೋದೆ. ವಿಶ್ವವಿದ್ಯಾಲಯದ ಗ್ರಂಥಾಲಯ ಎಂದರೆ ನಮ್ಮ ಕೊಪ್ಪಳದ ಕೋಟೆಯೊಳಗೆ ಕಪಾಟು ಜೋಡಿಸಿದ ಹಾಗೆ. ಶೇರ್ವಾನಿ ತೊಟ್ಟ ಗ್ರಂಥಪಾಲಕರು ಮೊದಲ ದಿನವೇ ಉಪದೇಶ ಮಾಡಿದರು: ಪುಟ ಹರಿಯಬೇಡಿ, ಎಲ್ಲಿಂದ ತೆಗೆದುಕೊಂಡಿರೆಂದು ಬರೆಯಿರಿ, ಒಂದು ಪುಟ ನೋಡಿ ಇಡೀ ಕಿತಾಬು ಓದಿದವರಂತೆ ಮಾತಾಡಬೇಡಿ. ಉಳಿದವರು ಆಕಳಿಸಿದರು. ನಾನು ತಲೆಯಾಡಿಸುತ್ತ ಕೇಳಿದೆ. ಅವರು ನನ್ನನ್ನು ಜಾಣನೆಂದು ತಿಳಿದರು.

ಆದರೆ ಅವರ ಉಪದೇಶದಲ್ಲಿ ಇಲ್ಲದ ಒಂದು ಪಾಠ ನನಗೆ ಮೊದಲೇ ಆಗಿತ್ತು. ನಾನು ಊರು ಬಿಡುವ ಮುಂಚೆ, ಕಾರಹುಣ್ಣಿಮೆಗೆ ತವರಿಗೆ ಬಂದ ನೀಲವ್ವ ತಂದೆಯನ್ನು ಕರೆದುಕೊಂಡು ವಾಚನಾಲಯದ ಮೆಟ್ಟಿಲು ಹತ್ತಿ ಬಂದಿದ್ದಳು. ಹೆಂಗಸೊಬ್ಬಳು ಅಲ್ಲಿಗೆ ಬಂದದ್ದು ಅದೇ ಮೊದಲು. "ನಾ ಅರ್ಧಾ ದಿನ ಸತ್ತಿದ್ದೆನಂತಲ್ರಿ, ಆ ಪೇಪರ್ ಎಲ್ಲೈತ್ರಿ? ನನಗ ಓದಾಕ ಬರಂಗಿಲ್ಲ. ಯಾರರ ಓದಿ ಹೇಳ್ರಿ" ಎಂದಳು. ಮಾಸ್ತರರು ಮೆಟ್ಟಿಲ ಕಡೆ ನೋಡಿದರು, ನಮ್ಮ ಕಡೆ ನೋಡಿದರು. ಆಮೇಲೆ ಎದ್ದು ಹಲಗೆಯನ್ನು ಗೋಡೆಯ ಕಡೆಗೆ ತಿರುಗಿಸಿ ತೂಗುಹಾಕಿದರು.

ನಾನು ಗಟ್ಟಿಯಾಗಿ ಓದಿದೆ, ಮೊದಲ ಹಾಳೆಯಿಂದ ಕಡೆಯ ಹಾಳೆಯವರೆಗೆ, ಒಂದು ಅಕ್ಷರ ಬಿಡದೆ. ವಿರೂಪಣ್ಣ ಕಣ್ಣೊರೆಸಿಕೊಂಡರು. ಪೂರ್ತಿ ಸುದ್ದಿ ಎಂದರೆ ಹೀಗಿರಬೇಕು ಎಂದು ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನೀಲವ್ವ ಮಾತ್ರ ಸೆರಗು ಸರಿಮಾಡಿಕೊಂಡು ಕೇಳಿದಳು:

"ಉಳದದ್ದೆಲ್ಲ ಖರೇ ಐತ್ರಿ. ಆದ್ರ ಊಟಾ ಯಾರಿಗೆ ಹಾಕಿದ್ರಂತ?"