ನಾಲ್ಕನೆಯ ಸ್ಪಾರ್ಕ್ ಪ್ಲಗ್

ಎಂಜಿನ್ನಿನ ಸದ್ದು ಕೇಳುವಾಗ ಅವರ ಬಲಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಬಾಯಿ ಅರ್ಧ ತೆರೆದಿರುತ್ತಿತ್ತು. ಅಮೆರಿಕದ ಎಡಿಸನ್ನಿನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಅವರು. ಧಾರವಾಡದ ಕಡೆಯವರು, ಟೆಲಿಕಾಂ ಕಂಪನಿಯಿಂದ ರಿಟೈರ್ ಆಗಿದ್ದವರು. ಬೀದಿಯಲ್ಲಿ ಯಾರ ಕಾರು ಕೆಮ್ಮಿದರೂ ಚಪ್ಪಲಿ ಮೆಟ್ಟಿಕೊಂಡು ಹೊರಬರುತ್ತಿದ್ದರು. ಅವರದು ಅಂಥಿಂಥ ನಿಧಾನವಲ್ಲ. ನನಗೋ, ಕೂತಲ್ಲಿ ಕೂರಲಾಗದ ಜಾಯಮಾನ.

ಆ ಭಾನುವಾರ ಮಾತ್ರ ನನ್ನ ಅವಸರಕ್ಕೆ ಕಾರಣವಿತ್ತು. ಕೆಲಸ ಹೋಗಿ ಐವತ್ತು ದಿನ ಕಳೆದಿತ್ತು. ಇನ್ನು ಹತ್ತು ದಿನದಲ್ಲಿ ಹೊಸ ಕೆಲಸ ಸಿಗದಿದ್ದರೆ ವೀಸಾ ಕತೆ ಮುಗಿದು ಗಂಟುಮೂಟೆ ಕಟ್ಟಬೇಕು. ಮರುದಿನ ಬೆಳಿಗ್ಗೆ ಬ್ರಿಡ್ಜ್‌ವಾಟರಿನಲ್ಲಿ ಇಂಟರ್‌ವ್ಯೂ. ನನ್ನ ಕಾರೋ, ಸಿಗ್ನಲ್ಲಿನಲ್ಲಿ ನಿಂತರೆ ಜ್ವರ ಬಂದಂತೆ ನಡುಗುತ್ತಿತ್ತು.

"ಪ್ಲಗ್ ಸವದಾವ ತಂಗಿ. ನಾಲ್ಕೂ ಹೊಸಾವು ತಗೊಂಡು ಬಾ, ಇಲ್ಲೇ ಹಾಕೂಣು," ಎಂದರು ಅಂಕಲ್.

ತಂದವಳು ಸುಮ್ಮನಿದ್ದೆನೇ? ದೇವರ ಮುಂದಿಟ್ಟು ಒಂದೊಂದಕ್ಕೂ ಒದ್ದೆ ಕುಂಕುಮದ ಬೊಟ್ಟಿಟ್ಟೆ. ಆಯುಧಪೂಜೆಯಲ್ಲಿ ಸ್ಟೇರಿಂಗಿಗೆ ಇಡುವುದಿಲ್ಲವೇ ಎಂಬುದು ನನ್ನ ವಾದ. ಬಿಳಿ ಪಿಂಗಾಣಿಯ ಮೇಲೆ ಕೆಂಪು ಬೊಟ್ಟು ಕಂಡು ಅಂಕಲ್ ನಕ್ಕುಬಿಟ್ಟರು.

"ಅಯ್ಯ ನಮ್ಮವ್ವ! ದೇವರಿಗೆ ಬಾನೆಟ್ ಸಾಲಂಗಿಲ್ಲೇನ? ಇದರ ಮ್ಯಾಲೆ ಏನರ ಮೆತ್ತಿದ್ರ ಕಿಡಿ ಅಡ್ಡದಾರಿ ಹಿಡಿತೈತಿ."

ಎಂಜಿನ್ ತಣ್ಣಗಾಗಲೆಂದು ಎರಡು ಗಂಟೆ ಕಾಯಿಸಿದರು. ಆಮೇಲೆ ಹಳೆಯದೊಂದನ್ನು ಬಿಚ್ಚಿ, ಹೊಸದರ ಕುಂಕುಮವನ್ನು ಬಟ್ಟೆಯಲ್ಲಿ ಒರೆಸಿ, ಬೆರಳಿನಲ್ಲೇ ತಿರುಗಿಸಿ ಕೂರಿಸಿ, ಕೊನೆಗಷ್ಟೇ ಪಾನಾ ಹಿಡಿದು ಬಿಗಿಯುತ್ತಿದ್ದರು. ಮೂರು ಪ್ಲಗ್ ಆಗುವಷ್ಟರಲ್ಲಿ ನನ್ನ ತಾಳ್ಮೆ ಸತ್ತೇ ಹೋಯಿತು. ಆಂಟಿ ಚಹಾಕ್ಕೆ ಕರೆದರೆಂದು ಅವರು ಒಳಗೆ ಹೋಗಿ ಬರುವಷ್ಟರಲ್ಲಿ ನಾಲ್ಕನೆಯದನ್ನು ನಾನೇ ಹಾಕಿಬಿಟ್ಟೆ.

"ಕುಂಕುಮ ಒರಸಿದ್ಯಾ?"

"ಹೂಂ."

ಸುಳ್ಳು. ಅವಸರದಲ್ಲಿ ಮರೆತಿದ್ದೆ.

"ಒಂದ್ಸಲ ಬಿಚ್ಚಿ ನೋಡೂಣು ಬಾ."

"ಬೇಡ ಬಿಡಿ ಅಂಕಲ್! ಪ್ರತಿಯೊಂದನ್ನೂ ಎಷ್ಟು ಎಳೀತೀರಿ? ನಂಗೆ ಇಂಟರ್‌ವ್ಯೂಗೆ ಪ್ರಿಪೇರ್ ಮಾಡ್ಕೋಬೇಕು," ಎಂದು ಬಾನೆಟ್ಟನ್ನು ಧಡಾರನೆ ಮುಚ್ಚಿದೆ. ಅವರು ಕೈಯೊರೆಸಿಕೊಂಡು ಹೊರಟುಹೋದರು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಕಾರು ದಾರಿಯಲ್ಲಿ ಎರಡು ಸಲ ಮುಗ್ಗರಿಸಿತು, ಪುಣ್ಯಕ್ಕೆ ನಿಲ್ಲಲಿಲ್ಲ. ಕೆಲಸ ಸಿಕ್ಕಿತು. ಆ ವಾರವೇ ಅಂಕಲ್ ತಾವಾಗಿ ಬಂದು, ಏನೂ ಕೇಳದೆ, ನಾಲ್ಕನೆಯ ಪ್ಲಗ್ ಬಿಚ್ಚಿ ಒರೆಸಿ ಹಾಕಿಕೊಟ್ಟರು. ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಳ್ಳೋಣ, ಇವತ್ತು ಒಪ್ಪಿಕೊಳ್ಳೋಣ, ನಾಳೆ ಒಪ್ಪಿಕೊಳ್ಳೋಣ ಎನ್ನುತ್ತಲೇ ಎರಡು ವರ್ಷ ಕಳೆಯಿತು.

ಕಳೆದ ಚಳಿಗಾಲದಲ್ಲಿ ಹಾರ್ಟ್ ಅಟ್ಯಾಕ್ ಆಗಿ ಅವರು ಹೋಗಿಬಿಟ್ಟರು. ಹದಿನೈದು ದಿನದ ಮೇಲೆ ಆಂಟಿಯ ಪಕ್ಕ ಕೂತು ಅಳುತ್ತಾ ಎಲ್ಲವನ್ನೂ ಹೇಳಿದೆ.

"ಅವರಿಗೆ ಗೊತ್ತಿತ್ತು," ಎಂದರು ಆಂಟಿ. "ಒರಸೋ ಅರಿವ್ಯಾಗ ಕುಂಕುಮದ್ದು ಮೂರ ಕಲೆ ಇದ್ದೂವಂತ. ಅವತ್ತು ಒಂದ ಕಡೆ ಕುಂದರಲಿಲ್ಲ ಅವರು. ಮುಂಜಾನೆ ನೀ ಹೊಂಟ ಕೂಡಲೇ ತಮ್ಮ ಕಾರ್ ತಗೊಂಡು ನಿನ್ನ ಹಿಂದನ ಬಂದ್ರು. ಹುಡುಗಿ ಕಾರ್ ನಿಂತ್ರ ನಾ ಕರಕೊಂಡು ಹೋಗಿ ಮುಟ್ಟಸ್ತೀನಿ ಅಂತ. ನೀ ಒಳಗಿದ್ದಷ್ಟು ಹೊತ್ತೂ ಅಲ್ಲೇ ಪಾರ್ಕಿಂಗ್ ಲಾಟ್‌ನ್ಯಾಗ ಕುಂತಿದ್ರು. ಮನಿ ಮುಟ್ಟೂತನಕ ನಿನ್ನ ಹಿಂದನ ಇದ್ರು."

ಹೋಗುವಾಗಲೂ ಬರುವಾಗಲೂ ನಾನು ಒಮ್ಮೆಯೂ ಕನ್ನಡಿಯಲ್ಲಿ ಹಿಂದೆ ಯಾರಿದ್ದಾರೆಂದು ನೋಡಿರಲಿಲ್ಲ.