ಬಾಗಿಲ ಹೊರಗೆ ಬಿಟ್ಟ ಚಪ್ಪಲಿ

ಸಂತಪುರದ ಓಣಿಯಲ್ಲಿ ಇನ್ನೂ ಕಸಬರಿಗೆಯ ಸದ್ದು ಎದ್ದಿಲ್ಲ. ಬೀದರಿನಿಂದ ಬಂದ ಮೊದಲ ಬಸ್ಸಿಳಿದ ಮಹಮ್ಮದ ಇಸ್ಮಾಯಿಲ ನೆಟ್ಟಗೆ ಶಿವರಾಜಪ್ಪನವರ ಮನೆಗೆ ನಡೆಯುತ್ತಾರೆ. ಶಿವರಾಜಪ್ಪ ಎಚ್ಚರವಾಗಿದ್ದಾರೆ, ಆದರೆ ಮಂಚದಿಂದ ಕಾಲು ಕೆಳಗಿಟ್ಟಿಲ್ಲ. ತಾನು ಬರುವವರೆಗೆ ಇಡಕೂಡದೆಂದು ಇಸ್ಮಾಯಿಲರ ಹುಕುಂ ಆಗಿದೆ. ಚೀಲದಿಂದ ದಪ್ಪ ಕಾಗದ, ಟೇಪು, ಕಿವಿಯ ಮೇಲಿಂದ ಪೆನ್ಸಿಲ್ಲು ತೆಗೆದು ಅವರು ನೆಲಕ್ಕೆ ಕೂರುತ್ತಾರೆ. ಆನೆಕಾಲು ರೋಗದಿಂದ ಊದಿದ ಆ ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಳ್ಳುತ್ತಾರೆ.

"ನಿನ್ನಿ ತೊಳದೀರೇನ್ರಿ? ಬೆರಳ ಸಂದಿ ಒರಸೀರೇನು?"

"ಒರಸೀನಪಾ. ನಮ್ಮನ್ಯಾಗ ಎತ್ತಿನ ಗೊರಸೂ ಯಾರೂ ಇಷ್ಟು ನೋಡಂಗಿಲ್ಲ," ಎಂದು ಶಿವರಾಜಪ್ಪ ನಗುತ್ತಾರೆ.

ಇದು ಬೆಳಗಿನ ಅಳತೆ. ಸಂಜೆ ಐದಕ್ಕೆ ಇದೇ ಕಾಲಿಗೆ ಇನ್ನೊಂದು ಅಳತೆ ಆಗಬೇಕು. ಮಲಗಿದಾಗ ಊತ ತುಸು ಇಳಿಯುತ್ತದೆ, ಹಗಲು ಓಡಾಡಿದಂತೆ ಏರುತ್ತದೆ. ಬೆಳಗಿನ ಅಳತೆಗೆ ಹೊಲಿದ ಚಪ್ಪಲಿ ಸಂಜೆಗೆ ಕಚ್ಚುತ್ತದೆ, ಸಂಜೆಯ ಅಳತೆಗೆ ಹೊಲಿದದ್ದು ಬೆಳಿಗ್ಗೆ ಜಾರುತ್ತದೆ. ಎರಡಕ್ಕೂ ಹೊಂದುವಂತೆ ಬಿಚ್ಚಿ ಬಿಗಿಯುವ ಪಟ್ಟಿ ಕೂರಿಸುವುದೇ ಇಸ್ಮಾಯಿಲರ ಕಸುಬು. ನಡುವಿನ ಹೊತ್ತು ಅವರು ಸುಮ್ಮನೆ ಕೂರುವ ಪೈಕಿಯವರಲ್ಲ. ಔರಾದಿಗೆ ಹೋಗಿ, ಹೋದ ತಿಂಗಳು ಕೊಟ್ಟ ಎರಡು ಜೊತೆ ಚಪ್ಪಲಿ ಹೇಗಿವೆ ಎಂದು ನೋಡಿ ಬರುತ್ತಾರೆ.

"ಒಂದ್ ಕಾಲಿಗಿ ಎರಡು ಅಳತಿ, ಒಂದ್ ಜೋಡಿಗಿ ನಾಕು ಬಸ್ಸು," ಎನ್ನುತ್ತಾರೆ. "ಕಂಡಕ್ಟರ್ ಮಂದಿ ನನಗ ಸರ್ಕಾರದ ಸಾಹೇಬ ಅಂತ ತಿಳಕೊಂಡಾರ್ರಿ. ನಾನೂ ಅಲ್ಲ ಅಂದಿಲ್ಲ."

ಸಾಹೇಬರಿಗೆ ಈಗ ಐವತ್ನಾಲ್ಕು. ಬೀದರಿನ ಹಳೆ ಊರಿನ ಗಲ್ಲಿಯೊಂದರಲ್ಲಿ ಇವರದು ಸ್ಕೂಟರು, ಆಟೊಗಳ ಸೀಟ್ ಕವರ್ ಹೊಲಿಯುವ ಪುಟ್ಟ ಅಂಗಡಿ. ಹೊಟ್ಟೆ ತುಂಬಿಸುವುದು ಸೀಟು. ವಾರದಲ್ಲಿ ಎರಡು ದಿನ ಮಾತ್ರ ಆನೆಕಾಲಿನವರಿಗೆ ಚಪ್ಪಲಿ. ಒಂದು ಜೊತೆಗೆ ಮೂರು ದಿನ ಹಿಡಿಯುತ್ತದೆ, ತಿಂಗಳಿಗೆ ಎರಡೋ ಮೂರೋ ಜೊತೆ ಆಗುತ್ತವೆ. ಈ ಹತ್ತು ವರ್ಷಗಳಲ್ಲಿ ಬೀದರ, ಭಾಲ್ಕಿ, ಔರಾದ ಕಡೆಯ ಇನ್ನೂರಕ್ಕೂ ಮಿಕ್ಕಿ ಕಾಲುಗಳು ಇವರ ತೊಡೆಯೇರಿ ಇಳಿದಿವೆ.

ಮೊದಲ ಕಾಲು ಇವರ ತಾಯಿಯದು. ಹದಿನಾಲ್ಕು ವರ್ಷ ಆಕೆ ಹಬ್ಬವನ್ನೂ ಪರದೆಯ ಸಂದಿಯಿಂದಲೇ ನೋಡಿದರು. ಯಾವ ಚಪ್ಪಲಿಯೂ ಆ ಕಾಲಿಗೆ ಹಿಡಿಯುತ್ತಿರಲಿಲ್ಲ, ಬರಿಗಾಲಲ್ಲಿ ನಡೆದರೆ ಗಾಯವಾಗಿ ಜ್ವರ ಬರುತ್ತಿತ್ತು. ಒಂದು ದಿನ ಮಗ ಸೀಟಿಗೆಂದು ತಂದ ಸ್ಪಂಜು, ರೆಕ್ಸಿನ್ ಕತ್ತರಿಸಿ ಅಮ್ಮನಿಗೊಂದು ಚಪ್ಪಲಿ ಹೊಲಿದರು.

"ಹಾಕ್ಕೊಂಡು ಅಂಗಳದಾಗ ಮೂರು ಸುತ್ತು ಹೊಡದಳ್ರಿ ಅಮ್ಮಿ. 'ಬೇಟಾ, ಸ್ಕೂಟರ್ ಮ್ಯಾಲ ಕುಂತಂಗ ಅದ' ಅಂದಳು." ಹೇಳುತ್ತಾ ಇಸ್ಮಾಯಿಲ ಕಣ್ಣು ಒರೆಸಿಕೊಳ್ಳುತ್ತಾರೆ. ಮುಖದಲ್ಲಿ ಮಾತ್ರ ನಗು ಹಾಗೇ ಇದೆ.

ಸುದ್ದಿ ಹರಡಿ ಹತ್ತಾರು ಜನ ಅಂಗಡಿಗೆ ಬರತೊಡಗಿದಾಗ ಸೀಟಿನ ಗಿರಾಕಿಗಳು ಮೂಗು ಮುರಿದರು. ಇದು ಸೊಳ್ಳೆಯಿಂದ ಬರುವ ರೋಗ, ಮುಟ್ಟಿದರೆ ಬರುವುದಿಲ್ಲ ಎಂದು ಹೇಳಿ ಹೇಳಿ ಇಸ್ಮಾಯಿಲರ ಬಾಯಿ ನೊಂದಿತು. ಕಾಲು ತೋರಿಸಲು ಬಂದವರು ಗಿರಾಕಿಗಳನ್ನು ಕಂಡು ಹಿಂದಿರುಗುತ್ತಿದ್ದರು. ಸರಿ, ಅವರು ಬಾರದಿದ್ದರೆ ತಾನೇ ಹೋದರಾಯಿತು ಎಂದು ಇವರು ಚೀಲ ಹೆಗಲಿಗೇರಿಸಿದರು.

ಆದರೆ ಯಾರು ಎಷ್ಟು ಹೊಗಳಿದರೂ ಇಸ್ಮಾಯಿಲ ಮೊದಲು ತಮ್ಮ ತಪ್ಪಿನ ಕತೆಯನ್ನೇ ಹೇಳುತ್ತಾರೆ. ಆ ತಪ್ಪು ನಡೆದದ್ದು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ, ಶಶಿಕಲಾ ಎಂಬ ಹೆಣ್ಣುಮಗಳ ವಿಷಯದಲ್ಲಿ. ಆಕೆಯ ಎಡಗಾಲಿಗೆ ಮಾತ್ರ ಊತ. ಎಡಕ್ಕೆ ದೊಡ್ಡದು, ಬಲಕ್ಕೆ ಎಲ್ಲರಂಥ ಚಿಕ್ಕದು ಹೊಲಿದು ಕೊಟ್ಟರು. ಹತ್ತಿಯ ಮೇಲೆ ನಡೆದಂತಿದೆ ಎಂದು ಆಕೆ ಹಿಗ್ಗಿ, ಅದನ್ನು ಹಾಕಿಕೊಂಡೇ ನೆರೆಮನೆಯ ತೊಟ್ಟಿಲ ಕಾರ್ಯಕ್ಕೆ ಹೋದರು. ಚಪ್ಪಲಿ ಬಾಗಿಲ ಹೊರಗೆ ಬಿಡಬೇಕಲ್ಲ? ನಲವತ್ತು ಜೊತೆಗಳ ನಡುವೆ ಅದೊಂದು ಎದ್ದು ಕಂಡಿತು. ಯಾರೋ ಪುಣ್ಯಾತ್ಮ, "ಇದೇನಪಾ, ಚಪ್ಪಲಿನೋ, ಕೂಸಿನ ತೊಟ್ಟಿಲೋ?" ಎಂದ. ಹೊರಗೆಲ್ಲ ನಗು. ಒಳಗೆ ಕೂತ ಶಶಿಕಲಾಗೆ ಅದು ಕೇಳಿಸಿತು. ಹಿತ್ತಿಲ ಬಾಗಿಲಿನಿಂದ ಬರಿಗಾಲಲ್ಲೇ ಮನೆಗೆ ಹೋದರು, ಕಾಲಿಗೆ ಮುಳ್ಳು ಚುಚ್ಚಿ ಹನ್ನೆರಡು ದಿನ ಜ್ವರದಲ್ಲಿ ಮಲಗಿದರು. ಆಮೇಲೆ ಆರು ವರ್ಷ ಯಾರ ಮನೆಯ ಕಾರ್ಯಕ್ಕೂ ಹೋಗಲಿಲ್ಲ.

"ಕಾಲಿಗಿ ಸುಖಾ ಮಾಡಿದ್ದೆರಿ. ಬಾಗಲ ಮುಂದ ಏನಾಗ್ತದ ಅಂತ ನನ್ನ ತಲಿಗೇ ಹೊಳಿಲಿಲ್ಲ. ಆ ಚಪ್ಪಲಿ ಹೊಲದಾಂವ ನಾನೇ ಅಲ್ಲೇನ್ರಿ?"

ದಾರಿ ತೋರಿಸಿದ್ದು ಹೆಂಡತಿ ಅಂಜುಮ. "ಸೀಟಿಗಿ ಎರಡೂ ಮಗ್ಗಲ ಒಂದೇ ನಮೂನಿ ಹೊಲೀತೀರಿ. ಚಪ್ಪಲಿಗಿ ಯಾಕ ಬ್ಯಾರೆ ಬ್ಯಾರೆ?" ಎಂದು ಆಕೆ ಕೇಳಿದ್ದೇ ತಡ, ಇಸ್ಮಾಯಿಲ ಕತ್ತರಿ ಹಿಡಿದರು. ಈಗ ಎರಡೂ ಹೊರಗಿನಿಂದ ಒಂದೇ ಗಾತ್ರ. ಊತವಿಲ್ಲದ ಕಾಲಿನದಕ್ಕೆ ಒಳಗೆ ಸ್ಪಂಜಿನ ಗಾದಿ, ಕಾಲು ಅಲುಗದಂತೆ ಸುತ್ತ ದಿಂಡು. ಮೊದಲ ಜೊತೆಯನ್ನು ತಾವೇ ತಿಂಗಳುಗಟ್ಟಲೆ ಹಾಕಿಕೊಂಡು ಬೀದರ ಸುತ್ತಿ, ಎರಡು ಸಲ ಮುಗ್ಗರಿಸಿ ಬಿದ್ದು ಸರಿಪಡಿಸಿದರು. ಗೆಳೆಯರು ಬಾತುಕೋಳಿ ಎಂದು ಕರೆದರು. ಹೆಣ್ಣುಮಕ್ಕಳು ಇದು ಗಂಡಸರ ಚಪ್ಪಲಿಯಂತಿದೆ ಎಂದಾಗ ಅಂಜುಮ ಮಖಮಲ್ಲು ಹೊದಿಸಿ ಜರಿಯ ಬಳ್ಳಿ ಹೊಲಿದರು.

ಅಂಥದೊಂದು ಜೊತೆ ಹಿಡಿದು ಇಸ್ಮಾಯಿಲ ಖಟಕ ಚಿಂಚೋಳಿಗೆ ಮೂರು ಸಲ ಹೋದರು. ಮೂರು ಸಲವೂ ಶಶಿಕಲಾ ಒಳಗಿನಿಂದಲೇ ಬೇಡ ಎಂದರು. ನಾಲ್ಕನೆಯ ಸಲ, ಈ ವರ್ಷ, ಬಾಗಿಲು ತೆರೆಯಿತು. ಭಾಲ್ಕಿಯಲ್ಲಿ ಆಕೆಯ ತಂಗಿಯ ಮಗಳ ಮದುವೆಯಿತ್ತು. ತಾನೇ ಎತ್ತಿ ಆಡಿಸಿದ ಹುಡುಗಿ, ಹೋಗದೆ ಇರಲು ಕರುಳು ಕೇಳಲಿಲ್ಲ.

"ಲಗ್ನಕ್ಕ ನೀವೂ ಬರಬೇಕ್ರಿ," ಎಂದರಂತೆ ಶಶಿಕಲಾ. "ಯಾರರ ನಕ್ಕರ ನಿಮಗೇ ಬೈತೇನಿ. ಮತ್ತ ನಾ ಈ ಹೊಸ್ತಿಲಾ ದಾಟಂಗಿಲ್ಲ, ನೆಪ್ಪಿಡ್ರಿ."

ಆ ಮಾತು ತಲೆಯಲ್ಲಿಟ್ಟುಕೊಂಡೇ ಇಸ್ಮಾಯಿಲ ಭಾಲ್ಕಿಗೆ ಹೋದರು. ಶಾಮಿಯಾನದ ಬಾಗಿಲು ಕಾಣುವಂತೆ ಊಟದ ಸಾಲಿನ ತುದಿಗೆ ಕೂತರು. ಚಪ್ಪಲಿ ರಾಶಿಯಲ್ಲಿ ಕೆಂಪು ಮಖಮಲ್ಲಿನ ಜೊತೆ ಜೋಡಿಯಾಗಿ ಕೂತಿತ್ತು, ಯಾರೂ ತಿರುಗಿ ನೋಡಲಿಲ್ಲ. ಅಬ್ಬಾ ಎಂದು ಹುಗ್ಗಿಗೆ ಕೈಯಿಕ್ಕಿ, ಮತ್ತೆ ನೋಡುತ್ತಾರೆ, ಚಪ್ಪಲಿಯೇ ಇಲ್ಲ!

ನಡೆದದ್ದು ಇಷ್ಟು. ಮದುಮಗನ ಚಪ್ಪಲಿ ಬಚ್ಚಿಟ್ಟು ಪೇಡೆ ಕೇಳುವುದು ಹುಡುಗಿಯ ಗೆಳತಿಯರ ಆಟ. ಈ ಮದುಮಗನ ದೋಸ್ತರು ಚಾಲಾಕಿಗಳು, ಅವನ ಚಪ್ಪಲಿಯನ್ನು ಮೊದಲೇ ಕಾರಿನಲ್ಲಿಟ್ಟು ಬೀಗ ಹಾಕಿದ್ದರು. ಹುಡುಗಿಯರು ಹುಡುಕಿದರು. ದೊಡ್ಡ ಗಾತ್ರ, ಮಖಮಲ್ಲು, ಜರಿ ಕಂಡಿತು. ಮದುಮಗನದಲ್ಲದೆ ಇನ್ನಾರದು ಎಂದು ದುಪಟ್ಟಾದಲ್ಲಿ ಸುತ್ತಿಕೊಂಡು ಓಡಿದ್ದರು.

"ಪೇಡೆ ತರಸ್ರಿ, ಚಪ್ಪಲಿ ಒಯ್ಯಿರಿ!" ಎಂದು ಹುಡುಗಿಯೊಬ್ಬಳು ಮಂಟಪದಲ್ಲಿ ಎರಡನ್ನೂ ಮೇಲೆತ್ತಿ ಹಿಡಿದಳು.

"ಅವು ನನ್ನವಲ್ಲ," ಎಂದ ಮದುಮಗ. ಮಂಟಪವೆಲ್ಲ ಹೋ ಎಂದು ನಕ್ಕಿತು.

"ಮತ್ತ ಯಾರವು?"

ಇಸ್ಮಾಯಿಲ ಎತ್ತಿದ ತುತ್ತನ್ನು ಎಲೆಗೇ ಇಟ್ಟರು. ಮುಗಿಯಿತು, ಇನ್ನು ಶಶಿಕಲಾ ಈ ಜನ್ಮದಲ್ಲಿ ಹೊರಗೆ ಬರುವುದಿಲ್ಲ ಎಂದುಕೊಂಡರು. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಶಶಿಕಲಾ ಎದ್ದು ನಿಂತರು. ನಗು ನಿಲ್ಲುವವರೆಗೆ ಕಾದರು. ಸೀರೆಯ ನೆರಿಗೆ ತುಸು ಎತ್ತಿ ಎಡಗಾಲು ಮುಂದಿಟ್ಟರು.

"ಇಲ್ಲಿ ತಾರವಾ. ನನ್ನವು ಅವ."

ಹುಡುಗಿ ಬಂದಳು. ಬಗ್ಗಿ ಚಪ್ಪಲಿ ಕೆಳಗಿಟ್ಟು, ಆ ಕಾಲಿಗೆ ಪಟ್ಟಿ ಕಟ್ಟಿದಳು. ಜರಿಯ ಬಳ್ಳಿಯ ಮೇಲೆ ಬೆರಳಾಡಿಸುತ್ತ ಕೇಳಿದಳು, "ದೊಡ್ಡವ್ವಾ, ಇಂಥಾವು ಎಲ್ಲಿ ಹೊಲಸೀರಿ? ನನಗೂ ಒಂದ್ ಜೋಡಿ ಬೇಕು."

ಶಶಿಕಲಾ ನಕ್ಕರು. ಆರು ವರ್ಷಗಳಲ್ಲಿ ಅವರ ನಗು ಇಸ್ಮಾಯಿಲರಿಗೆ ಕೇಳಿದ್ದು ಅದೇ ಮೊದಲು. ನಗುತ್ತಲೇ ಅವರು ಊಟದ ಸಾಲಿನ ತುದಿಗೆ ಕೈಮಾಡಿ ತೋರಿಸಿದರು.

"ಲಗ್ನದ ಮಂದಿ ಎಲ್ಲಾ ನನ್ನ ಕಡಿ ನೋಡ್ಲಾಕತ್ತರು," ಎನ್ನುತ್ತಾರೆ ಇಸ್ಮಾಯಿಲ, ಈಗಲೂ ನಾಚಿ ತಲೆ ತಗ್ಗಿಸಿ. "ನಾ ಏನ್ ಹೇಳ್ಲಿರಿ? ಬಡಸಾಂವಗ ಕರದು, ಇನ್ನೊಂದು ಸೌಟು ಹುಗ್ಗಿ ಹಾಕಪಾ ಅಂದೆ."