ತೊಂಬತ್ತೊಂಬತ್ತು ನಿಮಿಷದ ಸಾಲು

ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಅಂಕಿಅಂಶ ನೋಡಿಕೊಂಡ ಆಕೆಯನ್ನು ಎಲ್ಲರೂ ಚುಕ್ಕಿ ಅಕ್ಕ ಎನ್ನುತ್ತಿದ್ದರು. ಒಬ್ಬೊಬ್ಬ ರೋಗಿಗೂ ಒಂದೊಂದು ಚುಕ್ಕಿ ಇಟ್ಟು ನೋಡದೆ ಆಕೆ ಸರಾಸರಿಯ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಹೊಸ ಸಾಫ್ಟ್‌ವೇರ್ ತರಿಸಿ ಬೀಗುತ್ತಿದ್ದ ಆಡಳಿತಾಧಿಕಾರಿಗೆ ಅಷ್ಟು ತಾಳ್ಮೆ ಎಲ್ಲಿಯದು?

ಒಂದು ಬೆಳಿಗ್ಗೆ ಆತ ಪರದೆಯ ಮೇಲಿನ ನಕ್ಷೆಯಲ್ಲಿ ಕೆಂಪು ಕಂಬವೊಂದನ್ನು ಗಿರಗಿರನೆ ತಿರುಗಿಸಿದ. "ನೋಡಿ ಮೇಡಂ, ತುರ್ತು ಘಟಕದ ಸಿಸ್ಟರ್ ಒಬ್ಬೊಬ್ಬರನ್ನೂ ಸರಾಸರಿ ಅರವತ್ತು ನಿಮಿಷ ಕಾಯಿಸ್ತಾರೆ. ಕೆಲಸದಿಂದ ತೆಗೆಯೋ ಪತ್ರ ರೆಡಿ ಇದೆ."

ಅಕ್ಕ ಅದೇ ಸಾಫ್ಟ್‌ವೇರಿನಲ್ಲಿ ಚುಕ್ಕಿಗಳನ್ನು ಇಳಿಸಿದಳು. ಅರ್ಧಕ್ಕೂ ಹೆಚ್ಚು ಚುಕ್ಕಿಗಳು ತೊಂಬತ್ತೊಂಬತ್ತು ನಿಮಿಷದ ಗೆರೆಯ ಮೇಲೆ ದಾರ ಹಿಡಿದಂತೆ ಸಾಲಾಗಿ ನಿಂತವು.

"ಸಮಯ ಬರೆಯದೆ ಬಿಟ್ಟಿದ್ರೆ ನಾವು ತೊಂಬತ್ತೊಂಬತ್ತು ಅಂತ ತುಂಬ್ತೀವಿ ಸಾರ್. ನೀವು ಅದನ್ನೂ ನಿಮಿಷ ಅಂತ ಕೂಡಿಸಿಬಿಟ್ಟಿದೀರಿ. ಇಷ್ಟು ಜನ ಸರಿಯಾಗಿ ತೊಂಬತ್ತೊಂಬತ್ತನೇ ನಿಮಿಷಕ್ಕೇ ಎದ್ದು ಹೋಗೋಕೆ ಅದೇನು ಕವಾಯತು ಮೈದಾನವಾ? ಸಮಯ ಬರೆದಿರೋರದ್ದು ಸರಾಸರಿ ಹನ್ನೆರಡೇ ನಿಮಿಷ. ಉಳಿದವರದ್ದು ಗೊತ್ತಿಲ್ಲ, ಗೊತ್ತಿಲ್ಲ ಅಂತಲೇ ಬರೀರಿ."

ಆತ ತಪ್ಪಾಯಿತು ಎನ್ನಲಿಲ್ಲ. "ಇರ್ಲಿ, ಮುಂದಿನ ತಿಂಗಳು ನೋಡೋಣ" ಎಂದು ಪತ್ರವನ್ನು ಮೆಲ್ಲಗೆ ಡ್ರಾಯರಿನೊಳಗೆ ಸರಿಸಿದ.

ಅಕ್ಕ ಡ್ರಾಯರ್ ಎಳೆದು ಅದನ್ನು ತೆಗೆದಳು. ಅವನ ಕಣ್ಣೆದುರೇ ನಾಲ್ಕು ತುಂಡು ಮಾಡಿ, ಸಿಸ್ಟರಿಗೆ ವಿಷಯ ಹೇಳಲು ತುರ್ತು ಘಟಕದ ಕಡೆ ನಡೆದಳು.